ಓದುಗರ ಪ್ರಶ್ನೆ, ನಮ್ಮ ಉತ್ತರ: ನಿಜ ಯಾವುದು, ವಾದ ಎಲ್ಲಿ ಮುಗ್ಗರಿಸುತ್ತದೆ

ಪ್ರಶ್ನೆ: ವಸ್ತುಸ್ಥಿತಿಗೆ ಹೊಂದುವುದೇ ಸತ್ಯ, ಉಳಿದ ತಿಳಿವಳಿಕೆಯ ಜೊತೆ ಹೊಂದುವುದೇ ಸತ್ಯ, ಕೆಲಸಕ್ಕೆ ಬರುವುದೇ ಸತ್ಯ ಎಂದು ಮೂರು ಸಿದ್ಧಾಂತ ಓದಿದ್ದೇವೆ. ಇವುಗಳಲ್ಲಿ ಸರಿ ಯಾವುದು? (ಪದವಿ ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು)

ಉತ್ತರ: ಮೂರೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ಓದಿದರೆ ಗೊಂದಲ ತಪ್ಪಿದ್ದಲ್ಲ. ಸತ್ಯ ಅಂದರೇನು ಎಂಬುದು ಒಂದು ಪ್ರಶ್ನೆ. ಅದು ಸತ್ಯ ಅಂತ ನಮಗೆ ಗೊತ್ತಾಗುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ನಮ್ಮ ನೈಯಾಯಿಕರು, ಅಂದರೆ ನ್ಯಾಯ ದರ್ಶನದ ತಾರ್ಕಿಕರು, ಇವೆರಡನ್ನೂ ಬಿಡಿಸಿಟ್ಟಿದ್ದಾರೆ. ‘ತರ್ಕಸಂಗ್ರಹ’ ಬರೆದ ಅನ್ನಂಭಟ್ಟ ಕೊಡುವ ಲಕ್ಷಣ (ವ್ಯಾಖ್ಯೆ) ಹೀಗಿದೆ: ‘ತದ್ವತಿ ತತ್ಪ್ರಕಾರಕೋಽನುಭವೋ ಯಥಾರ್ಥಃ’. ಬೆಳ್ಳಿತನ ಇರುವ ಕಡೆಯೇ ಬೆಳ್ಳಿ ಅಂತ ಅರಿತರೆ ಅದು ಯಥಾರ್ಥ. ಇರುವುದನ್ನು ಇದೆ, ಇಲ್ಲದ್ದನ್ನು ಇಲ್ಲ ಎನ್ನುವುದು ನಿಜ ಎಂದ ಅರಿಸ್ಟಾಟಲ್ ಕೂಡ ಇದೇ ಸಾಲಿನವನು. ಇದು ವಸ್ತುಸ್ಥಿತಿಯ ಸಿದ್ಧಾಂತ.

ಆದರೆ ಪರೀಕ್ಷೆ ಹೇಗೆ? ದೂರದಲ್ಲಿ ನೀರು ಕಾಣುತ್ತದೆ, ಬಿಸಿಲ್ಗುದುರೆಯೂ ಇರಬಹುದು. ಹತ್ತಿರ ಹೋಗಿ ಕುಡಿದಾಗ ಬಾಯಾರಿಕೆ ತೀರಿದರೆ ಕಂಡದ್ದು ನೀರೇ. ಇದು ಸಫಲಪ್ರವೃತ್ತಿ, ಅಂದರೆ ನಂಬಿ ಹೊರಟ ಕೆಲಸ ಫಲ ಕೊಡುವುದು. ಬಾಯಾರಿಕೆ ತೀರಿದ್ದು ನಿಜಕ್ಕೆ ಗುರುತು, ಅದೇ ನಿಜವಲ್ಲ. 1907ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಈ ಗುರುತನ್ನೇ ಹೆಚ್ಚುಕಡಿಮೆ ಲಕ್ಷಣದ ಜಾಗದಲ್ಲಿ ಕೂರಿಸಿದರು. ತತ್ವಜ್ಞಾನಿಗಳಾದ ರಸೆಲ್, ಮೂರ್ ಇಬ್ಬರೂ ಜೇಮ್ಸ್ ಮೇಲೆ ಮುಗಿಬಿದ್ದದ್ದು ಅದಕ್ಕೇ. ಪರಸ್ಪರ ಹೊಂದಾಣಿಕೆಯ ಸಿದ್ಧಾಂತಕ್ಕೂ ಇದೇ ಗತಿ. ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ತಾಳೆಯಾಗುತ್ತದೋ ಎಂದು ನ್ಯಾಯಾಲಯ ನೋಡುವುದು ಸರಿಯಾದ ಕ್ರಮ. ಆದರೆ ಚೆನ್ನಾಗಿ ಹೊಸೆದ ಸುಳ್ಳೂ ತಾಳೆಯಾಗುತ್ತದೆ. ಉತ್ತರಪತ್ರಿಕೆಯಲ್ಲಿ ಹೊಂದಾಣಿಕೆಯ ಪಕ್ಷದವರ ಬಲವಾದ ಆಕ್ಷೇಪವನ್ನೂ ಬರೆಯಿರಿ: ನಮ್ಮ ನಂಬಿಕೆಗಳಿಂದ ಆಚೆ ನಿಂತು ಬರಿಯ ವಸ್ತುಸ್ಥಿತಿಯನ್ನು ಕಂಡವರು ಯಾರು? ನಮ್ಮ ಮಟ್ಟಿಗೆ ಈ ಆಕ್ಷೇಪ ಪರೀಕ್ಷೆಯ ಕಷ್ಟವನ್ನು ತೋರಿಸುತ್ತದೆ, ಲಕ್ಷಣವನ್ನು ಕೆಡಿಸುವುದಿಲ್ಲ.

ಪ್ರಶ್ನೆ: ಪಕ್ಕದ ಗದ್ದೆಯವರು ಒಂದು ದ್ರಾವಣ ಹೊಡೆದರು, ಕಬ್ಬು ಸೊಗಸಾಗಿ ಬಂತು. ‘ಇದಕ್ಕಿಂತ ಪುರಾವೆ ಬೇಕಾ’ ಅನ್ನುತ್ತಾರೆ ಅಂಗಡಿಯವರು. ನಂಬಬಹುದೇ? (ಕಬ್ಬು ಬೆಳೆಗಾರರು, ಪಾಂಡವಪುರ)

ಉತ್ತರ: ಕಾಗೆ ಬಂದು ಕೂತ ಹೊತ್ತಿಗೇ ತಾಳೆಹಣ್ಣು ಬಿತ್ತು ಅನ್ನುವ ಕಾಕತಾಳೀಯ ನ್ಯಾಯ ನಿಮಗೆ ಗೊತ್ತೇ ಇದೆ. ಹಿಂದಿನದು, ಮುಂದಿನದು ಎಂಬ ಕ್ರಮದಿಂದಷ್ಟೇ ಕಾರಣ, ಕಾರ್ಯ ಆಗುವುದಿಲ್ಲ. ಆದರೆ ಇಲ್ಲಿ ಅದಕ್ಕಿಂತ ಸೂಕ್ಷ್ಮವಾದ ದೋಷವೊಂದು ಅಡಗಿದೆ. ತರ್ಕದವರು ಅದಕ್ಕೆ ಉಪಾಧಿ ಅನ್ನುತ್ತಾರೆ.

‘ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ’ ಎಂಬ ವಾದ ನೋಡಿ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಲು ಹಸಿ ಸೌದೆ ಬೇಕು. ಹೊಗೆ ಇರುವ ಕಡೆಯೆಲ್ಲ ಹಸಿ ಸೌದೆ ಇರುತ್ತದೆ, ಬೆಂಕಿ ಇರುವ ಕಡೆಯೆಲ್ಲ ಇರುವುದಿಲ್ಲ. ಹೀಗೆ ಸಾಧ್ಯದ (ಸಾಧಿಸಬೇಕಾದದ್ದು, ಇಲ್ಲಿ ಹೊಗೆ) ಜೊತೆಗೆ ಸದಾ ಇದ್ದು, ಹೇತುವಿನ (ಅದಕ್ಕೆ ಕೊಡುವ ಕಾರಣ, ಇಲ್ಲಿ ಬೆಂಕಿ) ಜೊತೆಗೆ ಸದಾ ಇರದ ಮೂರನೆಯ ಅಂಶವೇ ಉಪಾಧಿ. ನಿಮ್ಮ ನೆರೆಯವರ ಗದ್ದೆಯಲ್ಲಿ ಅಂಥದ್ದು ಏನೇನಿದೆ ಅಂತ ಹುಡುಕಿ. ಅವರದು ನಾಲೆಯ ತಲೆಭಾಗವೋ, ನಿಮ್ಮದು ಕೊನೆಭಾಗವೋ? ಅವರದು ಹೊಸದಾಗಿ ನೆಟ್ಟ ತನಿ ಬೆಳೆ, ನಿಮ್ಮದು ಕಡಿದ ಬುಡದಿಂದ ಚಿಗುರಿದ ಕೂಳೆಯೋ? ತಳಿ, ನಾಟಿಯ ತಿಂಗಳು ಒಂದೇನಾ? ಬಾಟಲಿಗೆ ದುಡ್ಡು ಹಾಕುವವರು ಕಳೆ, ನೀರು, ಗೊಬ್ಬರವನ್ನೂ ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುವವರೇ ಆಗಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ. ದ್ರಾವಣ ಹೊಡೆದೂ ಬೆಳೆ ಏಳದವರು ಅಂಗಡಿಗೆ ಬಂದು ಸಾಕ್ಷಿ ಹೇಳುವುದಿಲ್ಲ.

ಅನ್ವಯ ಮಾತ್ರ ಸಾಲದು, ವ್ಯತಿರೇಕವೂ ಬೇಕು: ಹೊಡೆದಾಗ ಬಂತು, ಹೊಡೆಯದಾಗ ಬರಲಿಲ್ಲ ಎಂಬ ಎರಡೂ ಕಾಣಬೇಕು. ನಿಮ್ಮದೇ ಒಂದು ತಾಕಿನಲ್ಲಿ ಒಂದೇ ಅಳತೆಯ ಆರು ಪಟ್ಟೆ ಮಾಡಿ. ಪಟ್ಟೆಗಳು ನೀರು ಹರಿಯುವ ದಿಕ್ಕಿನಲ್ಲೇ ಉದ್ದಕ್ಕೆ ಇರಲಿ, ಆಗ ಮೇಲಿನ ನೆಲ, ಕೆಳಗಿನ ನೆಲ ಎಲ್ಲದಕ್ಕೂ ಸಮನಾಗಿ ಬರುತ್ತದೆ. ಯಾವ ಮೂರಕ್ಕೆ ದ್ರಾವಣ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ, ನೀವೇ ಆರಿಸಿದರೆ ಕಣ್ಣು ಒಳ್ಳೆಯ ನೆಲದ ಕಡೆಗೇ ಹೋಗುತ್ತದೆ. ಉಳಿದ ಮೂರಕ್ಕೆ ಅಷ್ಟೇ ಪ್ರಮಾಣದ ಬರಿ ನೀರು ಹೊಡೆಯಿರಿ, ಇಲ್ಲದಿದ್ದರೆ ಫಲ ದ್ರಾವಣದ್ದೋ ನೀರಿನದೋ ತಿಳಿಯದು. ಬದುವಿನ ಪಕ್ಕದ ಸಾಲುಗಳಿಗೆ ಬಿಸಿಲು ಹೆಚ್ಚು, ಅವನ್ನು ಲೆಕ್ಕದಿಂದ ಬಿಡಿ. ಕಟಾವಿನಲ್ಲಿ ಪ್ರತಿ ಪಟ್ಟೆಯನ್ನೂ ಬೇರೆಬೇರೆ ತೂಗಿಸಿ. ತೂಗುವವರಿಗೆ ಯಾವುದು ಯಾವ ಪಟ್ಟೆ ಅಂತ ಹೇಳಬೇಡಿ. ದ್ರಾವಣದ ಮೂರರಲ್ಲೇ ಒಂದಕ್ಕೊಂದು ಎಷ್ಟು ವ್ಯತ್ಯಾಸವೋ ಅಷ್ಟೇ ವ್ಯತ್ಯಾಸ ಎರಡು ಗುಂಪಿನ ನಡುವೆ ಇದ್ದರೆ ಬಾಟಲಿಯಿಂದ ಆದದ್ದು ಅಂತ ಹೇಳುವ ಹಾಗಿಲ್ಲ.

ಪ್ರಶ್ನೆ: ಎಲ್ಲ ಜ್ಞಾನವೂ ಯಥಾರ್ಥ ಎಂದು ರಾಮಾನುಜರ ಮತ. ಹಾಗಾದರೆ ಚಿಪ್ಪನ್ನು ಬೆಳ್ಳಿ ಅಂದುಕೊಳ್ಳುವುದು ಭ್ರಮೆಯಲ್ಲವೇ? (ಮೇಲುಕೋಟೆ)

ಉತ್ತರ: ಭ್ರಮೆಯೇ, ಆದರೆ ಇಲ್ಲದ್ದು ಕಂಡಿತು ಎಂಬ ಅರ್ಥದಲ್ಲಲ್ಲ. ಪಂಚಭೂತಗಳು ಬೆರೆತೇ ಎಲ್ಲ ವಸ್ತುಗಳಾಗಿರುವುದರಿಂದ ಚಿಪ್ಪಿನಲ್ಲೂ ಬೆಳ್ಳಿಯ ಅಂಶ ಕೊಂಚ ಇದೆ. ಕಂಡದ್ದು ಆ ಅಂಶವೇ. ಹೆಚ್ಚಿಗೆ ಇರುವ ಚಿಪ್ಪಿನ ಅಂಶ ಕಣ್ಣಿಗೆ ತಪ್ಪಿತು, ಬಳೆ ಮಾಡಿಸಲು ಹೊರಟಾಗ ವ್ಯವಹಾರ ಕೆಟ್ಟಿತು. ಕಾಮಾಲೆಯವನಿಗೆ ಶಂಖ ಹಳದಿಯಾಗಿ ಕಂಡರೆ, ಕಣ್ಣಿನ ಕಿರಣದ ಜೊತೆ ಹೋದ ಪಿತ್ತದ ನಿಜವಾದ ಹಳದಿಯೇ ಅದು ಎಂಬ ವಿವರಣೆಯಿದೆ. ಕನಸಿನ ಪದಾರ್ಥವನ್ನೂ ಈಶ್ವರ ಆ ಹೊತ್ತಿಗೆ, ಕನಸು ಕಾಣುವವನೊಬ್ಬನಿಗಾಗಿ ಸೃಷ್ಟಿಸುತ್ತಾನೆ. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅಂಗಡಿಯಲ್ಲೆಲ್ಲೋ ಕಂಡ ಬೆಳ್ಳಿಯನ್ನು ಚಿಪ್ಪಿನ ಮೇಲೆ ಹೊರಿಸಿದ್ದು, ಅನ್ಯಥಾಖ್ಯಾತಿ ಅನ್ನುತ್ತಾರೆ. ಪಿತ್ತದ ಕಿರಣವನ್ನು ಇವತ್ತು ಯಾರೂ ಒಪ್ಪಬೇಕಿಲ್ಲ. ಆದರೆ ತಪ್ಪು ಇರುವುದು ಕಂಡದ್ದರಲ್ಲಲ್ಲ, ಕಾಣದೆ ಬಿಟ್ಟದ್ದರಲ್ಲಿ ಎಂಬ ನೋಟ ಅರ್ಧಸತ್ಯಗಳನ್ನು ಅಳೆಯಲು ಇವತ್ತಿಗೂ ಹರಿತವಾದ ಸಾಧನ.

ಪ್ರಶ್ನೆ: ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಮಟ್ಟ 100 ಅಡಿಗೆ ಬಂದಾಗ ‘ಶೇ 80ರಷ್ಟು ತುಂಬಿದೆ’ ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದೆ. ತಪ್ಪು ಅಂದರು. ಅಂಕಿ ಎರಡೂ ಸರಿ, ಭಾಗಾಕಾರವೂ ಸರಿಯಲ್ಲವೇ? (ಶ್ರೀರಂಗಪಟ್ಟಣ)

ಉತ್ತರ: ಸರಿ. ತಪ್ಪಿರುವುದು ನೀವು ಬರೆಯದ ಸಾಲಿನಲ್ಲಿ: ‘ಎತ್ತರ ಎಷ್ಟೋ ನೀರೂ ಅಷ್ಟೇ’. ಕಣಿವೆ ತಳದಲ್ಲಿ ಕಿರಿದು, ಮೇಲಕ್ಕೆ ಹೋದಂತೆ ಹಿನ್ನೀರು ಹರಡಿಕೊಳ್ಳುತ್ತದೆ. ಹಾಗಾಗಿ ಮೇಲಿನ ಒಂದೊಂದು ಅಡಿಯಲ್ಲೂ ಕೆಳಗಿನ ಅಡಿಗಿಂತ ಬಹಳ ಹೆಚ್ಚು ನೀರು ಹಿಡಿಯುತ್ತದೆ. ಪೂರ್ಣ ಸಾಮರ್ಥ್ಯ 49.45 ಟಿಎಂಸಿ, 100 ಅಡಿಯಲ್ಲಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ. ಮಟ್ಟದ ಬದಲು ಟಿಎಂಸಿ ಅಂಕಿಯನ್ನೇ ಭಾಗಿಸಿ.

ಪ್ರಶ್ನೆ: ಚರ್ಚೆಯಲ್ಲಿ ‘ನೀನ್ಯಾವೋನು ಹೇಳೋಕೆ’ ಅನ್ನುವವರಿಗೆ ಏನು ಹೇಳುವುದು? ತರ್ಕದೋಷದ ಹೆಸರು ಹೇಳಿದರೆ ನಗುತ್ತಾರೆ. (ಮಂಡ್ಯ)

ಉತ್ತರ: ಮೊದಲು ನೀವು ಸಾಕ್ಷಿಯೋ ವಾದಿಯೋ ನೋಡಿಕೊಳ್ಳಿ. ‘ನಾನು ಕಣ್ಣಾರೆ ಕಂಡೆ’ ಅಂದರೆ ನೀವು ಕೊಡುತ್ತಿರುವುದು ಶಬ್ದಪ್ರಮಾಣ, ಅಂದರೆ ಹೇಳಿದವನ ಮಾತೇ ಆಧಾರ. ಆಗ ಹೇಳುವವನು ಆಪ್ತನೇ (ನಂಬಿಕೆಗೆ ಅರ್ಹನೇ), ಅವನಿಗೆ ಅಲ್ಲಿ ಲಾಭವಿದೆಯೇ ಅಂತ ಕೇಳುವುದು ನ್ಯಾಯವಾದದ್ದೇ. ಕಾರಣ ಕೊಟ್ಟು ವಾದಿಸಿದರೆ ಮಾತ್ರ ನಿಮ್ಮ ಊರು, ಜಾತಿ, ಓದು ಯಾವುದೂ ಲೆಕ್ಕಕ್ಕಿಲ್ಲ.

ಹೆಸರು ಹೇಳಿ ಗೆಲ್ಲಲು ಹೋಗಬೇಡಿ, ಅವರದೇ ಅಚ್ಚಿನಲ್ಲಿ ಇನ್ನೊಂದು ವಾದ ಎರೆದು ತೋರಿಸಿ. ‘ಮೋಸ ಮಾಡಿದ್ದರೆ ಸುಮ್ಮನಿರುತ್ತಿದ್ದ, ಸುಮ್ಮನಿದ್ದಾನೆ, ಹಾಗಾದರೆ ಮೋಸ ಮಾಡಿದ್ದಾನೆ’ ಅಂದವರಿಗೆ: ‘ಮೈಸೂರಿನಲ್ಲಿದ್ದರೆ ಕರ್ನಾಟಕದಲ್ಲಿರುತ್ತೇವೆ, ಮಂಡ್ಯದ ನಾವು ಕರ್ನಾಟಕದಲ್ಲಿದ್ದೇವೆ, ಹಾಗಾದರೆ ಮೈಸೂರಿನಲ್ಲಿದ್ದೇವೆ.’ ಆಮೇಲೆ ‘ಹಾಗಾದರೆ ಅವನು ಮೋಸ ಮಾಡೇ ಇಲ್ಲ’ ಅಂತ ನೀವೂ ಜಾರಬೇಡಿ. ಕೆಟ್ಟ ವಾದದ ಕೊನೆಯಲ್ಲೂ ನಿಜವಾದ ತೀರ್ಮಾನ ಇರಬಹುದು, ಅದಕ್ಕೆ ಬೇರೆ ಪುರಾವೆ ಬೇಕು ಅಷ್ಟೇ.

ಪ್ರಶ್ನೆ: ‘ಕ್ರೀಟಿನವರೆಲ್ಲ ಸುಳ್ಳುಗಾರರು’ ಎಂದು ಕ್ರೀಟ್ ಎಂಬ ಗ್ರೀಕ್ ದ್ವೀಪದವನೇ ಹೇಳಿದರೆ ಅದು ನಿಜವೋ ಸುಳ್ಳೋ? (ಪ್ರೌಢಶಾಲಾ ಶಿಕ್ಷಕರು, ತಿ. ನರಸೀಪುರ)

ಉತ್ತರ: ಸುಳ್ಳುಗಾರ ಅಂದರೆ ಸದಾ ಸುಳ್ಳೇ ಹೇಳುವವನು ಅಂತ ಇಟ್ಟುಕೊಳ್ಳೋಣ. ಕ್ರೀಟಿನ ಒಬ್ಬನಾದರೂ ಒಮ್ಮೆ ನಿಜ ಹೇಳಿದ್ದರೆ ಆ ಮಾತು ಬರಿಯ ಸುಳ್ಳು, ಒಗಟೇನೂ ಇಲ್ಲ. ಒಗಟಾಗುವುದು ‘ಈ ವಾಕ್ಯ ಸುಳ್ಳು’ ಎಂದಾಗ: ನಿಜವೆಂದರೆ ಸುಳ್ಳು, ಸುಳ್ಳೆಂದರೆ ನಿಜ. 1933ರಲ್ಲಿ ತರ್ಕಶಾಸ್ತ್ರಜ್ಞ ಆಲ್ಫ್ರೆಡ್ ತಾರ್ಸ್ಕಿ ಕೊಟ್ಟ ಪರಿಹಾರದಲ್ಲಿ ಒಂದು ಭಾಷೆಯ ವಾಕ್ಯಗಳನ್ನು ನಿಜ, ಸುಳ್ಳು ಎನ್ನಲು ಅದರ ಮೇಲಿನ ಹಂತದ ಭಾಷೆ ಬೇಕು. ತನ್ನ ಬಗ್ಗೆ ತಾನೇ ತೀರ್ಪು ಕೊಡುವ ವಾಕ್ಯ ಅಲ್ಲಿ ಕಟ್ಟಲಿಕ್ಕೇ ಬರುವುದಿಲ್ಲ. ಆಡುಕನ್ನಡದಲ್ಲಿ ಅಂಥ ಹಂತಗಳಿಲ್ಲ, ಹಾಗಾಗಿ ತರಗತಿಯಲ್ಲಿ ಮಕ್ಕಳು ಇದನ್ನು ಎತ್ತುತ್ತಲೇ ಇರುತ್ತಾರೆ.