ಬ್ರಹ್ಮಕಮಲಕ್ಕೆ ಚಳಿ ಅಭ್ಯಾಸ ಆಗಿದ್ದಲ್ಲ ಮೇಷ್ಟ್ರೇ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಉಳಿದ ಓದುಗರಿಗಾಗಿ ಅದನ್ನು ನಾಲ್ಕು ಸಾಲಿಗೆ ಇಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಾಸನದ ನಿಮ್ಮ ಹಿತ್ತಲಿನಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಇದೆ. ಕಳೆದ ಆಗಸ್ಟಿನಲ್ಲಿ ಮಗಳ ಜೊತೆ ಉತ್ತರಾಖಂಡದ ಹೇಮಕುಂಡಕ್ಕೆ ಹತ್ತಿದಾಗ ಅಲ್ಲೂ ಬ್ರಹ್ಮಕಮಲ ಕಂಡಿರಿ, ಆದರೆ ಅದರ ರೂಪವೇ ಬೇರೆ. ಒಂದೇ ಗಿಡ ಚಳಿಗೆ ಒಗ್ಗಿ ಒಗ್ಗಿ ಹಾಗಾಗಿರಬೇಕು, ನಮ್ಮ ಮನೆಯದನ್ನೂ ನಾಲ್ಕು ತಲೆಮಾರು ಅಲ್ಲಿ ಬೆಳೆಸಿದರೆ ಹಾಗೇ ಆದೀತು ಅಲ್ವಾ, ಎಂದು ಕೇಳಿದ್ದೀರಿ. ಒಂದು ಹೂವನ್ನು ಡೈರಿಯಲ್ಲಿ ಒಣಗಿಸಿ ತಂದಿದ್ದೀರಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ಗೊಂದಲ. ನಿಮ್ಮ ಹಿತ್ತಲಿನದು ಕಳ್ಳಿ. ಮೆಕ್ಸಿಕೊ ಕಡೆಯದು, ಡ್ರ್ಯಾಗನ್ ಹಣ್ಣಿನ ನೆಂಟ. ನಾವು ಎಲೆ ಅಂತ ಕಿತ್ತು ಪಕ್ಕದ ಮನೆಯವರಿಗೆ ಕೊಡುತ್ತೇವಲ್ಲ, ಅದು ಎಲೆಯೂ ಅಲ್ಲ, ಚಪ್ಪಟೆಯಾದ ಕಾಂಡ. ಹೇಮಕುಂಡದ್ದು ಸಾಸ್ಯುರಿಯಾ, ಸೇವಂತಿಗೆ ಮತ್ತು ಸೂರ್ಯಕಾಂತಿಯ ಬಳಗ. ನೀವು ದಳ ಅಂದುಕೊಂಡ ಆ ತಿಳಿ ಹಳದಿ, ದೋಣಿಯಂಥ ಹಾಳೆಗಳು ಬರೀ ಹೊದಿಕೆ. ಬಿಡಿಸಿ ನೋಡಿದ್ದರೆ ಒಳಗೆ ನೇರಳೆ ಬಣ್ಣದ ಪುಟ್ಟ ಹೂಗಳ ಗೊಂಚಲು ಕಾಣುತ್ತಿತ್ತು. 4,000 ಮೀಟರಿಗೂ ಮೇಲಿನ ಗಾಳಿ, ಮಂಜು, ಚುರುಕು ಬಿಸಿಲಿಗೆ ಹೂವು ನೇರವಾಗಿ ಸಿಕ್ಕದ ಹಾಗೆ ಆ ಹಾಳೆಗಳು ಗಾಜಿನ ಮನೆಯ ಥರ ನಿಲ್ಲುತ್ತವೆ. ಈ ಎರಡು ಗಿಡಗಳಿಗೂ ಹೆಸರು ಬಿಟ್ಟರೆ ಬೇರೆ ನೆಂಟಸ್ತಿಕೆ ಇಲ್ಲ.

ಆದರೆ ನಿಮ್ಮ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಫ್ರಾನ್ಸಿನ ಗಾಸ್ಟನ್ ಬೋನಿಯೆ ಎಂಬ ದೊಡ್ಡ ಸಸ್ಯವಿಜ್ಞಾನಿ 1880ರ ದಶಕದಿಂದ ಬಯಲಿನ ಗಿಡಗಳನ್ನು ಆಲ್ಪ್ಸ್ ಮತ್ತು ಪಿರನೀಸ್ ಬೆಟ್ಟಗಳ ಮೇಲೆ ನೆಟ್ಟು ಕಾದರು. ಕೆಲವು ಗಿಡ ನಿಜಕ್ಕೂ ಬೆಟ್ಟದ ಜಾತಿಯಾಗಿಯೇ ಬದಲಾದವು ಎಂದು ಬರೆದರು. ನೀವು ಹೇಳುವುದೂ ಅದನ್ನೇ.

ಅದನ್ನು ಕ್ಯಾಲಿಫೋರ್ನಿಯಾದಲ್ಲಿ ಜೆನ್ಸ್ ಕ್ಲಾಸೆನ್, ಡೇವಿಡ್ ಕೆಕ್, ವಿಲಿಯಂ ಹೀಸಿ ಎಂಬ ಮೂವರು ಜಾಸ್ತಿ ಹುಷಾರಾಗಿ ಪರೀಕ್ಷೆ ಮಾಡಿದರು. ಮೂರು ತೋಟ. ಒಂದು ಸಮುದ್ರ ಮಟ್ಟದ ಹತ್ತಿರ ಸ್ಟ್ಯಾನ್‌ಫರ್ಡ್‌ನಲ್ಲಿ, ಇನ್ನೊಂದು 1,400 ಮೀಟರಿನ ಮ್ಯಾದರ್‌ನಲ್ಲಿ, ಮೂರನೆಯದು ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ 3,050 ಮೀಟರಿನ ಟಿಂಬರ್‌ಲೈನ್‌ನಲ್ಲಿ. ಅವರು ಆರಿಸಿಕೊಂಡ ಗಿಡಗಳಲ್ಲಿ ಒಂದರ ಹೆಸರು ಇಂಗ್ಲಿಷಿನಲ್ಲಿ ಯಾರೋ. ನಗಬೇಡಿ, ಹೆಸರೇ ಯಾರೋ. ಹೋಮಿಯೋಪಥಿ ಡಬ್ಬಿ ಇಟ್ಟುಕೊಂಡವರು ಅದನ್ನು ಮಿಲಿಫೋಲಿಯಂ ಅಂತ ನೋಡಿರುತ್ತಾರೆ. ನಾವು ಸೇವಂತಿಗೆ ಬುಡ ಸೀಳಿ ಬೇರೆ ಬೇರೆ ಕುಂಡಕ್ಕೆ ಹಾಕುವ ಹಾಗೆ ಒಂದೇ ಗಿಡವನ್ನು ಮೂರು ಪಾಲು ಮಾಡಿ ಮೂರೂ ತೋಟದಲ್ಲಿ ನೆಟ್ಟರು. ಎಲ್ಲಾ ಜಾಣತನ ಇರುವುದು ಇಲ್ಲಿ. ಮೂರು ಪಾಲಿಗೂ ವಂಶವಾಹಿ ಒಂದೇ ಆದ್ದರಿಂದ, ವ್ಯತ್ಯಾಸ ಕಂಡರೆ ಅದು ಜಾಗದ ಪ್ರಭಾವ. ಒಂದೇ ತೋಟದಲ್ಲಿ ಪಕ್ಕಪಕ್ಕ ನಿಂತ ಬೆಟ್ಟದ ಗಿಡಕ್ಕೂ ಬಯಲಿನ ಗಿಡಕ್ಕೂ ವ್ಯತ್ಯಾಸ ಕಂಡರೆ ಅದು ಹುಟ್ಟುಗುಣ.

ಎರಡೂ ಕಂಡವು. ಜಾಗ ಬದಲಾದಾಗ ಗಿಡ ಸ್ವಲ್ಪ ಕುಳ್ಳಾಯಿತು, ಸ್ವಲ್ಪ ಉದ್ದವಾಯಿತು, ನಿಜ. ಆದರೆ ಟಿಂಬರ್‌ಲೈನ್‌ನಿಂದ ತಂದ ಗಿಡ ಸ್ಟ್ಯಾನ್‌ಫರ್ಡ್‌ನ ಸುಖದಲ್ಲೂ ಗಿಡ್ಡವಾಗೇ ಉಳಿಯಿತು. ಹಿಮದ ಸುಳಿವೇ ಇಲ್ಲದ ಅಲ್ಲಿಯ ಚಳಿಗಾಲದಲ್ಲೂ ಮುದುರಿಕೊಂಡು ಮಲಗಿತು, ಪಕ್ಕದಲ್ಲಿ ಊರಿನ ಗಿಡಗಳು ಚಿಗುರುತ್ತಿದ್ದವು. ಕೆಳಗಿನ ಗಿಡ ಮೇಲೆ ಹೋದಾಗ ಒಂದೋ ಸತ್ತಿತು, ಇಲ್ಲವೇ ಬೀಜ ಬಲಿಯುವ ಮೊದಲೇ ಹಿಮ ಬಿತ್ತು. ಎಷ್ಟು ವರ್ಷ ಇಟ್ಟರೂ ಒಂದೂ ಬೆಟ್ಟದ ಜಾತಿಯಾಗಲಿಲ್ಲ. ಬೋನಿಯೆ ಅವರ ತೋಟದೊಳಗೆ ಅಲ್ಲಿಯದೇ ಬೆಟ್ಟದ ಗಿಡಗಳು ನುಸುಳಿರಬೇಕು ಎಂದು ಆಮೇಲಿನವರು ಅಂದುಕೊಂಡರು. ಬೇಲಿ ಸರಿಯಿಲ್ಲದಿದ್ದರೆ ವಿಜ್ಞಾನವೂ ಮೇಯ್ದು ಹೋಗುತ್ತೆ ನೋಡಿ.

ಹಾಗಾದರೆ ಹುಟ್ಟುಗುಣ ಬಂದದ್ದೆಲ್ಲಿಂದ? ಒಂದೇ ತಾಯಿಯ ಬೀಜಗಳಲ್ಲೂ ಒಂದಕ್ಕೂ ಇನ್ನೊಂದಕ್ಕೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತೆ. ಎರಡು ತಿಂಗಳ ಬೇಸಿಗೆಯೊಳಗೆ ಬೀಜ ಕಟ್ಟಿದ್ದಕ್ಕೆ ಮಕ್ಕಳಾದವು, ಉಳಿದವಕ್ಕೆ ಆಗಲಿಲ್ಲ. ಚಳಿ ಪಾಠ ಹೇಳಲಿಲ್ಲ ಮೇಷ್ಟ್ರೇ, ಫೇಲ್ ಮಾಡಿತು ಅಷ್ಟೆ.

ಕೆಲವು ಸಲ ಬೇಕಾದ ಗುಣ ನೆಂಟರಿಂದ ಕಡ ಸಿಗುತ್ತೆ. ನಮ್ಮ ಮುಸುಕಿನ ಜೋಳವನ್ನೇ ತಗೊಳ್ಳಿ. ಸುಮಾರು 9,000 ವರ್ಷದ ಹಿಂದೆ ಮೆಕ್ಸಿಕೊದ ಬಿಸಿ ತಗ್ಗಿನಲ್ಲಿ ಪಳಗಿದ ಬೆಳೆ ಅದು. ರೈತರು ಬೆಟ್ಟಕ್ಕೆ ಒಯ್ದಾಗ, ಅಲ್ಲಿ ಮೊದಲಿಂದಲೂ ಇದ್ದ ಟಿಯೊಸಿಂಟೆ ಎಂಬ ಕಾಡು ಹುಲ್ಲಿನ ಪರಾಗ ಹೊಲಕ್ಕೆ ಬಿದ್ದು ಬೆರಕೆ ಆಯಿತು. ಇವತ್ತಿಗೂ ಮೆಕ್ಸಿಕೊದ ಬೆಟ್ಟದ ಜೋಳದಲ್ಲಿ, ಎಲೆಯ ಬುಡ ದಂಟನ್ನು ಸುತ್ತಿಕೊಳ್ಳುವ ಕಡೆ, ಆ ಹುಲ್ಲಿನ ಹಾಗೇ ಒತ್ತಾದ ರೋಮ, ಕಡುಗೆಂಪು ಬಣ್ಣ. ಬಣ್ಣ ಬಿಸಿಲು ಹೀರುತ್ತೆ, ರೋಮ ಬಿಸಿ ಹಿಡಿದಿಡುತ್ತೆ. 2022ರಲ್ಲಿ ಎಚ್‌ಪಿಸಿ1 ಎಂಬ ಜೀನ್ ಬಗ್ಗೆಯೂ ತಿಳಿಯಿತು. ಬೆಟ್ಟದ ಜೋಳದಲ್ಲಿರುವ ಅದರ ರೂಪ ಜೀವಕೋಶದ ಪೊರೆಯ ಕೊಬ್ಬನ್ನೇ ಬದಲಿಸುತ್ತೆ, ಗಿಡ ಬೇಗ ಹೂ ಬಿಡುತ್ತೆ. ಅದೂ ಆ ಹುಲ್ಲಿನಿಂದಲೇ ಬಂದದ್ದು.

ಈಗ ಡೈರಿಯ ಹೂವು. ಬೀಜ ಹುಟ್ಟೀತಾ ಎಂದು ಕೇಳಿದ್ದೀರಿ. ಅರಳಿದಾಗಲೇ ಕಿತ್ತಿದ್ದೀರಿ, ಬಲಿತ ಬೀಜ ಇರಲಿಕ್ಕಿಲ್ಲ. ಇದ್ದರೂ ಹಾಸನದ ಹವೆ ಅದಕ್ಕೆ ಆಗಿಬರುವುದಿಲ್ಲ. ಇದೇ ಬಳಗದ ಇನ್ನೊಂದು ಗಿಡ, ಬಿಳಿ ಉಣ್ಣೆ ಹೊದ್ದ ಹಿಮಕಮಲ, ಟಿಬೆಟ್ ಮತ್ತು ಯುನ್ನಾನ್ ಕಡೆ ಬೆಳೆಯುತ್ತೆ. ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತೆ. ಔಷಧಿಗೆ, ಪ್ರವಾಸಿಗರಿಗೆ ಮಾರುವುದಕ್ಕೆ ಜನ ಉದ್ದನೆಯವನ್ನೇ ನೋಡಿ ಕೀಳುತ್ತಾರೆ, ಅದೂ ಬೀಜ ಆಗುವ ಮೊದಲು. ಬೀಜ ಚೆಲ್ಲುವುದು ಗಿಡ್ಡವು ಮಾತ್ರ. ಒಣಗಿಸಿಟ್ಟ ಹಳೆಯ ಗಿಡಗಳ ಜೊತೆ ಹೋಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನೂರು ಚಿಲ್ಲರೆ ವರ್ಷದಲ್ಲಿ ಆ ಗಿಡ ಕುಳ್ಳಾಗುತ್ತಾ ಬಂದಿದೆ. ಅಷ್ಟಾಗಿ ಯಾರೂ ಕೀಳದ ಅದರ ತಂಗಿಯಂಥ ಜಾತಿ ಹಾಗೇ ಇದೆ. ಬೆಟ್ಟದ ಚಳಿ ಮಾಡುವ ಕೆಲಸವನ್ನು ನಮ್ಮ ಕೈಯೂ ಮಾಡುತ್ತಿದೆ.

ಮುಂದಿನ ಸಲ ಫೋಟೊ ಸಾಕು. ಹಿತ್ತಲಿನ ಕಳ್ಳಿಯ ಒಂದು ತುಂಡು ಮಾತ್ರ ಕಳಿಸಿಕೊಡಿ, ನಮ್ಮ ಕಚೇರಿ ಕಿಟಕಿಯಲ್ಲಿ ಒಂದು ಕುಂಡ ಖಾಲಿ ಇದೆ.

ನಿಮ್ಮ,
ಸಂಪಾದಕ