ಓದುಗರ ಪ್ರಶ್ನೆ: ರಬ್ಬರ್ ಅಚ್ಚು, ಕನ್ನಡದ ಶುಭಾಶಯ

ಕೈಯಾರೆ ಶುಭಾಶಯ ಪತ್ರ ಮಾಡುವ ಕುರಿತು ಬಂದಿರುವ ಪತ್ರಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಅನೇಕರು ಕೇಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಂಗಡಿಗಳಲ್ಲಿ ಸಿಗುವ ಅಚ್ಚುಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ. ಹಾಗಾಗಿ ಕಚೇರಿ ಮೊಹರು ಮಾಡಿಕೊಡುವವರ ಬಳಿ ‘ಸಂಕ್ರಾಂತಿಯ ಶುಭಾಶಯಗಳು’ ಎಂದು ಮಾಡಿಸಿದೆ. ಒತ್ತಿದರೆ ಅಕ್ಷರಗಳು ಹೂತುಹೋಗಿ ‘ಶುಬಾಶಯ’ ಎಂದು ಓದಿಸಿಕೊಳ್ಳುತ್ತದೆ. ತಪ್ಪು ಎಲ್ಲಿದೆ?
— ಓದುಗಿ, ಧಾರವಾಡ

ತಪ್ಪು ನಿಮ್ಮ ಕೈಯದೂ ಅಲ್ಲ, ಮಾಡಿಕೊಟ್ಟವರದೂ ಅಲ್ಲ; ಅಕ್ಷರದ ಗಾತ್ರದ್ದು. ಕನ್ನಡದಲ್ಲಿ ‘ಬ’ಕಾರಕ್ಕೂ ‘ಭ’ಕಾರಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು ಮಾತ್ರ. ದ–ಧ, ಪ–ಫ, ಡ–ಢಗಳಲ್ಲಿಯೂ ಹೀಗೆಯೇ. ಅಚ್ಚಿನ ಮೇಲೆ ಶಾಯಿ ಸ್ವಲ್ಪ ಹೆಚ್ಚಾದರೂ ಆ ಸೀಳು ತುಂಬಿಕೊಂಡು ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ‘ಧನ್ಯವಾದ’ ಎಂದು ಒತ್ತಿದ್ದು ‘ದನ್ಯವಾದ’ವಾಗುತ್ತದೆ. ‘ಕ್ರಾಂ’ ಎಂಬಲ್ಲಿ ಮೇಲಿನ ದೀರ್ಘ, ಕೆಳಗಿನ ಒತ್ತು, ಪಕ್ಕದ ಸೊನ್ನೆ ಮೂರೂ ಒಂದರ ಮಗ್ಗುಲಿಗೊಂದು ಕೂರಬೇಕು. ಕಚೇರಿಯ ಮೊಹರಿನಲ್ಲಿ ಹೆಸರು, ಹುದ್ದೆಗಳನ್ನು ಕಿರಿದಾಗಿ ಜೋಡಿಸಿ ಅಭ್ಯಾಸವಾಗಿರುವುದರಿಂದ ಅದೇ ಗಾತ್ರದಲ್ಲಿ ನಿಮಗೂ ಮಾಡಿಕೊಟ್ಟಿರುತ್ತಾರೆ.

ಮುಂದಿನ ಸಲ ಮಾಡಿಸುವಾಗ ಮೂಲ ಅಕ್ಷರದ ಎತ್ತರ, ಒತ್ತಕ್ಷರವನ್ನು ಬಿಟ್ಟು, 10 ಮಿಲಿಮೀಟರಿಗೆ ಕಡಿಮೆಯಾಗದಂತೆ ಕೇಳಿಕೊಳ್ಳಿ. ಗೆರೆಗಳ ನಡುವಿನ ಬಿಳಿಯ ಜಾಗ ಎಲ್ಲಿಯೂ ಅರ್ಧ ಮಿಲಿಮೀಟರಿಗಿಂತ ಕಿರಿದಾಗಬಾರದು. ದಪ್ಪಗಿನ ಅಕ್ಷರ ಚೆನ್ನಾಗಿ ಮೂಡುತ್ತದೆ ಎಂದು ಹಲವರು ನಂಬುತ್ತಾರೆ. ಕನ್ನಡದ ಮಟ್ಟಿಗೆ ಅದು ನಿಜವಲ್ಲ, ದಪ್ಪ ಹೆಚ್ಚಿದಷ್ಟೂ ಸೀಳುಗಳು ಮುಚ್ಚಿಹೋಗುತ್ತವೆ. ಇಡೀ ವಾಕ್ಯವನ್ನು ಒಂದೇ ಸಾಲಿಗೆ ತುರುಕುವ ಬದಲು ‘ಸಂಕ್ರಾಂತಿಯ’ ಮತ್ತು ‘ಶುಭಾಶಯಗಳು’ ಎಂದು ಎರಡು ಬೇರೆ ಅಚ್ಚುಗಳನ್ನೇ ಮಾಡಿಸಿದರೆ ಎರಡನೆಯದು ಯುಗಾದಿಗೂ ದೀಪಾವಳಿಗೂ ಹುಟ್ಟುಹಬ್ಬಕ್ಕೂ ಆಗುತ್ತದೆ.

ಇನ್ನೊಂದು ದಾರಿ ಸ್ವತಃ ಕೆತ್ತುವುದು, ನನಗೆ ಪ್ರಿಯವಾದದ್ದೂ ಅದೇ. ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರೊಂದನ್ನು ತೆಗೆದುಕೊಳ್ಳಿ. ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಅಕ್ಷರವನ್ನು ನೇರವಾಗಿಯೇ ಬರೆದು, ಬರೆದ ಮುಖವನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಅಕ್ಷರ ತಾನಾಗಿಯೇ ತಿರುಗುಮುರುಗಾಗಿ ಇಳಿಯುತ್ತದೆ. ಕನ್ನಡಿ ಅಕ್ಷರವನ್ನು ತಲೆಯಲ್ಲಿ ಲೆಕ್ಕಹಾಕಿ ಬರೆಯಲು ಹೋಗಬೇಡಿ. ಒತ್ತು ಯಾವ ಕಡೆಗೆ ಬರಬೇಕೆಂಬುದರಲ್ಲಿ ಅನುಭವಿಗಳೂ ಎಡವುತ್ತಾರೆ. ಕೆತ್ತುವಾಗ ಅಲಗನ್ನು ಗೆರೆಯಿಂದ ಹೊರಕ್ಕೆ ಓರೆಯಾಗಿ ಹಿಡಿಯಬೇಕು, ಆಗ ಅಕ್ಷರದ ಬುಡ ಅಗಲವಾಗಿ ಉಳಿದು ಒತ್ತಿದಾಗ ಬಾಗುವುದಿಲ್ಲ. ಬಳುಕುಗಳು ಬಂದಾಗ ಅಲಗನ್ನು ತಿರುಗಿಸದೆ ರಬ್ಬರನ್ನು ತಿರುಗಿಸಿ. ನಮ್ಮ ಲಿಪಿಯ ತುಂಬ ದುಂಡು ತಿರುವುಗಳೇ ಇರುವುದರಿಂದ ಈ ಒಂದು ಅಭ್ಯಾಸವೇ ಅರ್ಧ ಕೆಲಸವನ್ನು ಮುಗಿಸುತ್ತದೆ.

ಈಗ ನಿಮ್ಮಲ್ಲಿರುವ ಅಚ್ಚನ್ನೂ ಎಸೆಯಬೇಡಿ. ಅಚ್ಚನ್ನು ಪ್ಯಾಡಿಗೆ ಒತ್ತುವುದನ್ನು ಬಿಟ್ಟು, ಅಚ್ಚನ್ನು ಅಂಗಾತ ಹಿಡಿದು ಪ್ಯಾಡಿನಿಂದ ಅದರ ಮುಖವನ್ನು ಮೆಲ್ಲಗೆ ನಾಲ್ಕೈದು ಬಾರಿ ತಟ್ಟಿ, ಮೊದಲ ಒತ್ತನ್ನು ರದ್ದಿ ಕಾಗದದ ಮೇಲೆ ಹಾಕಿ, ಎರಡನೆಯದನ್ನು ಕಾರ್ಡಿನ ಮೇಲೆ ಮೂಡಿಸಿ. ಒತ್ತುವಾಗ ಅತ್ತಿತ್ತ ಹೊರಳಿಸಬೇಡಿ. ‘ಭ’ದ ಸೀಳು ಬಹುಮಟ್ಟಿಗೆ ತೆರೆದುಕೊಳ್ಳುತ್ತದೆ. ನಿಮ್ಮ ಭಾಗದಲ್ಲಿ ಸಂಕ್ರಾಂತಿಯ ಪತ್ರದೊಳಗೆ ಕುಸುರೆಳ್ಳು ಇಟ್ಟು ಕಳಿಸುವ ರೂಢಿ ಇದೆಯಲ್ಲವೇ? ಅದಕ್ಕೆಂದು ಕಾರ್ಡಿನ ಒಳಬದಿಯಲ್ಲಿ ಚಿಕ್ಕ ಕಾಗದದ ಜೇಬನ್ನು ಅಂಟಿಸಿ, ಕಾಳನ್ನು ಒಂದರ ಮೇಲೊಂದು ಬರದಂತೆ ಒಂದೇ ಪದರವಾಗಿ ಹರಡಿಡಿ. ಗುಂಪಾಗಿಟ್ಟರೆ ಅಂಚೆಯ ಚೀಲದಲ್ಲಿ ಪುಡಿಯಾಗಿ ಸಕ್ಕರೆಯ ಕಲೆ ಕಾರ್ಡಿಗೆ ಹತ್ತುತ್ತದೆ.

ಹೊಳೆಯುವ ಕಾರ್ಡಿನ ಮೇಲೆ ಒತ್ತಿದ ನೇರಳೆ ಶಾಯಿ ಎರಡು ದಿನವಾದರೂ ಒಣಗುವುದಿಲ್ಲ. ಮಳೆಗಾಲದ ಕಾರಣವೇ?
— ಓದುಗರು, ಉಡುಪಿ

ಮಳೆಗಾಲದ ಪಾಲೂ ಇದೆ, ಆದರೆ ಮುಖ್ಯ ಕಾರಣ ಶಾಯಿಗೂ ಕಾಗದಕ್ಕೂ ಹೊಂದಾಣಿಕೆ ಇಲ್ಲದಿರುವುದು. ಕಚೇರಿಯ ಪ್ಯಾಡಿನ ಶಾಯಿ ತಿಂಗಳುಗಟ್ಟಲೆ ಪ್ಯಾಡಿನಲ್ಲೇ ಒಣಗದೆ ಉಳಿಯಬೇಕೆಂದು ಅದಕ್ಕೆ ಗ್ಲಿಸರಿನ್‌ನಂತಹ ತೇವ ಹಿಡಿದಿಡುವ ದ್ರವವನ್ನು ಸೇರಿಸಿರುತ್ತಾರೆ. ಒರಟು ಕಾಗದವಾದರೆ ಅದು ಒಳಗೆ ಇಂಗುತ್ತದೆ. ಹೊಳಪಿನ ಲೇಪವಿರುವ ಕಾರ್ಡಿನ ಮೇಲೆ ಇಂಗಲು ದಾರಿಯಿಲ್ಲದೆ ಹಾಗೆಯೇ ಕುಳಿತಿರುತ್ತದೆ. ಕರಾವಳಿಯ ಗಾಳಿಯಲ್ಲಂತೂ ಗ್ಲಿಸರಿನ್ ಇನ್ನಷ್ಟು ತೇವವನ್ನು ಎಳೆದುಕೊಳ್ಳುತ್ತದೆ.

ಕರಕುಶಲದ ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಪ್ಯಾಡುಗಳು ಸಿಗುತ್ತವೆ. ಡೈ ಇಂಕ್ ಕಾಗದಕ್ಕೆ ಇಂಗಿ ಬೇಗ ಒಣಗುತ್ತದೆ, ಆದರೆ ಬಿಸಿಲಿಗೆ ಬಣ್ಣ ಮಾಸುತ್ತದೆ. ಪಿಗ್ಮೆಂಟ್ ಇಂಕ್ ಕಾಗದದ ಮೇಲ್ಮೈಯಲ್ಲಿ ಕೂತು ನಿಧಾನವಾಗಿ ಒಣಗುತ್ತದೆ, ಬಣ್ಣ ಗಾಢವಾಗಿದ್ದು ಬಹುಕಾಲ ಬಾಳುತ್ತದೆ. ಸಾಲ್ವೆಂಟ್ ಇಂಕ್ ಗಾಜು, ಪ್ಲಾಸ್ಟಿಕ್, ಹೊಳಪಿನ ಕಾಗದ ಎಲ್ಲದರ ಮೇಲೂ ಕ್ಷಣಗಳಲ್ಲಿ ಒಣಗುತ್ತದೆ. ನಿಮ್ಮ ಕಾರ್ಡಿಗೆ ಬೇಕಾದದ್ದು ಈ ಮೂರನೆಯದು. ವಾಸನೆ ತೀಕ್ಷ್ಣವಾಗಿರುವುದರಿಂದ ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಅದಕ್ಕಿಂತಲೂ ಒಳ್ಳೆಯದೆಂದರೆ ಹೊಳಪಿನ ಕಾರ್ಡನ್ನು ಬಿಟ್ಟು, ಲೇಪವಿಲ್ಲದ ನಯವಾದ ದಪ್ಪ ಹಾಳೆಗೆ ಬರುವುದು. ಹಾಳೆಗಳನ್ನು ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಮಲಗಿಸಿಡಿ.

ಪ್ರೌಢಶಾಲೆಯ ಮಕ್ಕಳಿಂದ ಕಾರ್ಡು ಮಾಡಿಸುತ್ತೇನೆ. ದಪ್ಪ ಹಾಳೆಯನ್ನು ಮಡಿಸಿದಾಗ ಮಡಿಕೆಯ ಉದ್ದಕ್ಕೂ ಬಿರುಕು ಬಿಡುತ್ತದೆ. ಏನು ಮಾಡಲಿ?
— ಶಿಕ್ಷಕರು, ಶಿವಮೊಗ್ಗ

ಕಾಗದ ತಯಾರಾಗುವಾಗ ಅದರ ನಾರುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿನ ಉದ್ದಕ್ಕೆ ಮಡಿಸಿದರೆ ನೇರ ಮಡಿಕೆ ಬರುತ್ತದೆ, ಅಡ್ಡಲಾಗಿ ಮಡಿಸಿದರೆ ನಾರು ಮುರಿದು ಬಿರುಕು ಕಾಣುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗುತ್ತದೆಯೋ ಮಡಿಕೆ ಅದೇ ಕಡೆಗೆ ಬರುವಂತೆ ಕತ್ತರಿಸಬೇಕು. ಬಳಿಕ ಸ್ಟೀಲ್ ಸ್ಕೇಲ್ ಇಟ್ಟು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಒಂದು ಗೀರು ಎಳೆಯಿರಿ. ಗೀರಿದ ತಗ್ಗು ಕಾರ್ಡಿನ ಹೊರಮೈಗೂ ಅದರ ಹಿಂಬದಿಯ ಉಬ್ಬು ಒಳಮೈಗೂ ಬರುವಂತೆ ಮಡಿಸಬೇಕು. ಇದನ್ನು ಮಕ್ಕಳು ಸಹಜವಾಗಿ ತಿರುವುಮುರುವು ಮಾಡುತ್ತಾರೆ.

250 ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಹಾಳೆ ಕಾರ್ಡಿಗೆ ಸಾಕು. ಝೆರಾಕ್ಸ್ ಹಾಳೆ ಸಾಮಾನ್ಯವಾಗಿ 70 ಅಥವಾ 80 ಜಿಎಸ್‌ಎಂ ಇರುತ್ತದೆ ಎಂದು ಹೇಳಿದರೆ ಮಕ್ಕಳಿಗೆ ಅಂದಾಜು ಸಿಗುತ್ತದೆ. ಒಂದು ಎ4 ಹಾಳೆಯನ್ನು ಎರಡು ಮಾಡಿ ಮಡಿಸಿದರೆ 105 × 148 ಮಿಲಿಮೀಟರಿನ ಎರಡು ಕಾರ್ಡುಗಳಾಗುತ್ತವೆ. ನಿಮ್ಮ ತರಗತಿಗೆ ಅಚ್ಚಿನ ಖರ್ಚೂ ಬೇಕಿಲ್ಲ: ಅಡ್ಡ ಕೊಯ್ದ ಬೆಂಡೆಕಾಯಿ ಐದು ಎಸಳಿನ ಹೂವನ್ನು ಅಚ್ಚುಕಟ್ಟಾಗಿ ಮೂಡಿಸುತ್ತದೆ. ಕೊಯ್ದ ಮುಖವನ್ನು ಬಟ್ಟೆಯಿಂದ ಒತ್ತಿ ಲೋಳೆಯನ್ನು ತೆಗೆದ ಮೇಲೆಯೇ ಬಣ್ಣ ಹಚ್ಚಬೇಕು.

ಉಬ್ಬಿದ ಚಿನ್ನದ ಬಣ್ಣದ ಅಕ್ಷರ ಬರಲೆಂದು ಎಂಬಾಸಿಂಗ್ ಪುಡಿ ತಂದು ಹೇರ್ ಡ್ರೈಯರ್ ಹಿಡಿದೆ. ಪುಡಿಯೆಲ್ಲ ಹಾರಿಹೋಯಿತು.
— ಓದುಗಿ, ಮೈಸೂರು

ಹೇರ್ ಡ್ರೈಯರಿನಲ್ಲಿ ಗಾಳಿ ಹೆಚ್ಚು, ಶಾಖ ಕಡಿಮೆ; ಪುಡಿ ಕರಗುವ ಮೊದಲೇ ಹಾರುತ್ತದೆ. ಇದಕ್ಕೆಂದೇ ಇರುವ ಹೀಟ್ ಗನ್ ಗಾಳಿಯನ್ನು ಮೆಲ್ಲಗೆ ಊದಿ ಶಾಖವನ್ನು ಹೆಚ್ಚು ಕೊಡುತ್ತದೆ. ಅದಿಲ್ಲದಿದ್ದರೆ ಬಿಸಿ ಕಾವಲಿಯ ಮೇಲೆ, ತಗುಲದ ಹಾಗೆ, ಕಾರ್ಡನ್ನು ಇಕ್ಕಳದಲ್ಲಿ ಹಿಡಿದು ಕೆಳಗಿನಿಂದ ಶಾಖ ಕೊಡಬಹುದು. ಒಲೆಯನ್ನು ಆರಿಸಿದ ಮೇಲೆ ಇದನ್ನು ಮಾಡಿ, ಮಕ್ಕಳ ಕೈಗೆ ಕೊಡಬೇಡಿ. ಒತ್ತುವ ಮುಂಚೆ ಕಾರ್ಡಿಗೆ ತೀರ ಸ್ವಲ್ಪ ಟಾಲ್ಕಮ್ ಪೌಡರ್ ಸವರಿ ಒರೆಸಿದರೆ ಬೆರಳಿನ ತೇವಕ್ಕೆ ಪುಡಿ ಅಂಟಿ ಅಲ್ಲಲ್ಲಿ ಚುಕ್ಕೆ ಬೀಳುವುದು ತಪ್ಪುತ್ತದೆ. ನಿಧಾನವಾಗಿ ಒಣಗುವ ಪಿಗ್ಮೆಂಟ್ ಇಂಕಿನಲ್ಲಿ ಒತ್ತಿ, ಪುಡಿ ಸುರಿದು, ಹೆಚ್ಚಾದುದನ್ನು ಕೊಡವಿ ಮತ್ತೆ ಡಬ್ಬಿಗೆ ಹಾಕಿ. ಕಾಯಿಸುವಾಗ ಕಣ್ಣು ತೆಗೆಯಬೇಡಿ: ಪುಡಿಯ ಒರಟು ಮೈ ಥಟ್ಟನೆ ನಯವಾಗಿ ಮಿಂಚುವ ಒಂದು ಕ್ಷಣ ಬರುತ್ತದೆ, ಆಗಲೇ ಶಾಖದಿಂದ ಸರಿಸಬೇಕು. ಇನ್ನೂ ಕಾಯಿಸಿದರೆ ಕರಗಿದ್ದು ಕಾಗದಕ್ಕೆ ಇಂಗಿ ಉಬ್ಬು ಇಳಿದುಹೋಗುತ್ತದೆ.

ಹಳೆಯ ರಬ್ಬರ್ ಅಚ್ಚುಗಳು ಗಟ್ಟಿಯಾಗಿವೆ, ಪಾರದರ್ಶಕ ಅಚ್ಚುಗಳು ಹಳದಿಯಾಗಿವೆ. ಉಳಿಸಿಕೊಳ್ಳುವುದು ಹೇಗೆ?
— ಓದುಗರು, ಬೆಂಗಳೂರು

ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗಿ ಚಳಿಗೆ ಬಿರುಸಾಗುವ ವಸ್ತು. ಗಂಧಕದೊಂದಿಗೆ ಕಾಯಿಸಿದರೆ ಅದು ಸ್ಥಿರವಾಗುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839 ರಲ್ಲಿ ಕಂಡುಕೊಂಡ ಮೇಲೆಯೇ ರಬ್ಬರ್ ಮೊಹರು ಸಾಧ್ಯವಾಯಿತು. ಹಾಗೆ ಹದಗೊಳಿಸಿದ ರಬ್ಬರೂ ವರ್ಷಗಳ ಬೆಳಕು, ಶಾಖಗಳಿಗೆ ಗಟ್ಟಿಯಾಗುತ್ತದೆ, ಮತ್ತೆ ಮೃದುವಾಗಿಸುವ ಉಪಾಯವಿಲ್ಲ. ಕೆಳಗೆ ಮೆತ್ತನೆಯ ಮೌಸ್ ಪ್ಯಾಡ್ ಇಟ್ಟು ಒತ್ತಿದರೆ ಮಾತ್ರ ಅಚ್ಚು ಇನ್ನೂ ಕೆಲವು ಕಾಲ ಮೂಡೀತು. ಪಾರದರ್ಶಕ ಅಚ್ಚಿನ ಹಳದಿ ಬರಿಯ ಕಲೆ, ಕೆಲಸಕ್ಕೆ ಅಡ್ಡಿಯಿಲ್ಲ. ಎರಡನ್ನೂ ಬಿಸಿಲಿನಿಂದ ದೂರವಿಡಿ, ಒದ್ದೆ ಬಟ್ಟೆಯಿಂದ ಒರೆಸಿ, ಮರದ ಹಿಡಿಯಿರುವುದನ್ನು ನೀರಿನಲ್ಲಿ ನೆನೆಸಬೇಡಿ.

ಮಗಳ ಮದುವೆಗೆ 300 ಲಗ್ನಪತ್ರಿಕೆಗಳನ್ನು ನಾನೇ ಮಾಡಬೇಕೆಂದಿದ್ದೇನೆ. ಮೂಲೆಗೆ ಅರಿಶಿನ–ಕುಂಕುಮ ಹಚ್ಚಿದರೆ ಶಾಯಿ ಕೆಡುತ್ತದೆಯೇ?
— ಓದುಗಿ, ತುಮಕೂರು

ಶಾಯಿ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಕೆಡುವುದಿಲ್ಲ. ಹಸಿಯಾಗಿದ್ದರೆ ಕುಂಕುಮದ ಹುಡಿ ಅಕ್ಷರಗಳಿಗೆ ಅಂಟಿಕೊಂಡು ಮತ್ತೆ ಬಿಡುವುದಿಲ್ಲ. ಅರಿಶಿನವನ್ನು ನೀರಿನಲ್ಲಿ ತೆಳ್ಳಗೆ ಕಲಸದೆ ಗಟ್ಟಿಯಾಗಿ ಕಲಸಿ, ಬೆರಳ ತುದಿಯಿಂದ ಮೂಲೆಗೆ ಮುಟ್ಟಿಸಿ, ಕಾರ್ಡುಗಳನ್ನು ನೆರಳಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಿ. ಬಿಸಿಲಿನಲ್ಲಿಟ್ಟರೆ ಅರಿಶಿನದ ಬಣ್ಣ ಹಾರುತ್ತದೆ.

ಆದರೆ ಅಮ್ಮಾ, ಸಂಖ್ಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಪತ್ರಿಕೆಗೆ ಕತ್ತರಿಸಿ, ಗೀರಿ, ಒತ್ತಿ, ಅಂಟಿಸಿ ಹದಿನೈದು ನಿಮಿಷ ಹಿಡಿದರೂ 300 ಕ್ಕೆ 75 ಗಂಟೆಗಳಾಗುತ್ತವೆ, ಮದುವೆಮನೆಯಲ್ಲಿ ಅಷ್ಟು ಹೊತ್ತು ನಿಮ್ಮನ್ನು ಯಾರು ಕೂರಗೊಡುತ್ತಾರೆ? ಮುಹೂರ್ತ, ಸ್ಥಳ, ಹೆಸರುಗಳಿರುವ ಒಳಹಾಳೆಯನ್ನು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ. ಅಷ್ಟು ವಿವರವನ್ನು ರಬ್ಬರ್ ಅಚ್ಚಿಗೆ ಹೊರಿಸಬಾರದು. ಹೊರಹೊದಿಕೆಯನ್ನು ಮಾತ್ರ ಕೈಯಾರೆ ಮಾಡಿ, ಒಂದು ಗಣಪತಿ, ಒಂದು ‘ಶ್ರೀ’, ಎರಡೇ ಅಚ್ಚು. ಒಂದೊಂದು ಪತ್ರಿಕೆಯನ್ನು ಮುಗಿಸುತ್ತ ಹೋಗದೆ, ಒಂದು ದಿನ ಎಲ್ಲವನ್ನೂ ಕತ್ತರಿಸುವುದು, ಇನ್ನೊಂದು ದಿನ ಎಲ್ಲಕ್ಕೂ ಒತ್ತುವುದು ಎಂದು ಇಟ್ಟುಕೊಂಡರೆ ಕೈ ಹದಕ್ಕೆ ಬರುತ್ತದೆ, ಶಾಯಿ ಒಣಗಲು ಸಮಯವೂ ಸಿಗುತ್ತದೆ. ಒಳಹಾಳೆಯನ್ನು ಅಂಟಿಸಲು ನೀರಿರುವ ಬಿಳಿ ಗೋಂದು ಬೇಡ, ತೆಳುಹಾಳೆ ಸುಕ್ಕುಗಟ್ಟುತ್ತದೆ. ಡಬಲ್ ಸೈಡ್ ಟೇಪ್ ಬಳಸಿ. ಅಂಚೆಯಲ್ಲಿ ಕಳಿಸುವ ಪತ್ರಿಕೆಗಳಿಗೆ ಮಣಿ, ಕುಂದನ್, ಫೋಮ್ ಟೇಪಿನ ಉಬ್ಬು ಅಲಂಕಾರ ಬೇಡ, ಮುದ್ರೆ ಒತ್ತುವಾಗ ನಜ್ಜುಗುಜ್ಜಾಗುತ್ತವೆ. ಅಂತಹವನ್ನು ನೀವೇ ಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯುವ ಹಿರಿಯರಿಗಾಗಿ ಎತ್ತಿಡಿ. ಹತ್ತಿಪ್ಪತ್ತು ಹೊದಿಕೆಗಳನ್ನು ಹೆಚ್ಚುವರಿಯಾಗಿ ಕತ್ತರಿಸಿಟ್ಟುಕೊಳ್ಳಿ. ಒತ್ತುವ ದಿನ ಅಷ್ಟಂತೂ ಕೆಟ್ಟೇ ಕೆಡುತ್ತವೆ.