ಸಂಧಿವಾತಕ್ಕೆ ಕಾರ್‌ಪ್ರೊಫೆನ್ ಎಂಬ ನೋವುನಿವಾರಕ ತೆಗೆದುಕೊಳ್ಳುತ್ತಿರುವ ವಯಸ್ಸಾದ ನಾಯಿ ವಾಂತಿ ಮಾಡಿಕೊಂಡರೆ ಗಾಬರಿಪಡಬೇಕೇ?
ಗಾಬರಿ ಬೇಡ, ಆದರೆ ಮುಂದಿನ ಮಾತ್ರೆಯನ್ನು ಕೊಡದೆ ತಡೆಹಿಡಿದು ಅಂದೇ ಪಶುವೈದ್ಯರಿಗೆ ತಿಳಿಸಿ. ಕಾರ್‌ಪ್ರೊಫೆನ್, ಮೆಲಾಕ್ಸಿಕಾಮ್ ಮುಂತಾದ ಔಷಧಗಳು ಕೀಲಿನ ಉರಿಯೂತಕ್ಕೆ ಕಾರಣವಾಗುವ ಪ್ರೋಸ್ಟಾಗ್ಲ್ಯಾಂಡಿನ್‌ಗಳ ಉತ್ಪಾದನೆಯನ್ನು ತಗ್ಗಿಸುತ್ತವೆ; ಜಠರದ ಒಳಪದರವನ್ನು ಕಾಪಾಡುವುದೂ ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ ಗುಂಪಿನ ರಾಸಾಯನಿಕಗಳಾದ್ದರಿಂದ, ಅಡ್ಡಪರಿಣಾಮಗಳು ಹೆಚ್ಚಾಗಿ ಅಲ್ಲಿಯೇ ಕಾಣಿಸಿಕೊಳ್ಳುತ್ತವೆ.

ಊಟ ಬಿಡುವುದು, ವಾಂತಿ, ಭೇದಿ ಮೊದಲ ಸೂಚನೆಗಳು. ಮಲವು ಡಾಂಬರಿನಂತೆ ಕಪ್ಪಗೆ, ಅಂಟಾಗಿ ಬಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು; ಆಗ ಬೆಳಗಾಗುವವರೆಗೆ ಕಾಯಬಾರದು. ನೀರು ಕುಡಿಯುವುದು, ಮೂತ್ರ ಮಾಡುವುದು ಏಕಾಏಕಿ ಹೆಚ್ಚಿದರೆ ಮೂತ್ರಪಿಂಡವನ್ನೂ, ತುಟಿ ಎತ್ತಿ ನೋಡಿದಾಗ ವಸಡು ಅಥವಾ ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ ಯಕೃತ್ತನ್ನೂ ಪರೀಕ್ಷಿಸಬೇಕು. ಕಾರ್‌ಪ್ರೊಫೆನ್‌ನಿಂದ ಯಕೃತ್ತಿಗೆ ಹಾನಿಯಾಗುವುದು ಅಪರೂಪ. ಆದರೂ ಆದಾಗ ಅದು ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಗೋಚರಿಸುತ್ತದೆ. ಆದ್ದರಿಂದ ಔಷಧ ಆರಂಭಿಸುವ ಮುನ್ನ ಒಮ್ಮೆ, ಆರಂಭಿಸಿದ ಕೆಲವು ವಾರಗಳಲ್ಲಿ ಇನ್ನೊಮ್ಮೆ ರಕ್ತಪರೀಕ್ಷೆ ಮಾಡಿಸುವುದು ದುಂದುವೆಚ್ಚವಲ್ಲ.

ನನ್ನ ದೊಡ್ಡ ಕಳವಳವೆಂದರೆ ಮನೆಯ ಔಷಧ ಡಬ್ಬಿ. ನಮಗಾಗಿ ತಂದ ಐಬುಪ್ರೊಫೆನ್, ಡೈಕ್ಲೋಫಿನಾಕ್ ಮಾತ್ರೆಗಳನ್ನು, ಅರ್ಧ ಮಾಡಿಯಾದರೂ ಸರಿ, ನಾಯಿಗೆ ಕೊಡಲೇಬಾರದು. ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಅಥವಾ ಆಸ್ಪಿರಿನ್ ಕಾರ್‌ಪ್ರೊಫೆನ್‌ನ ಜೊತೆಗೂಡಿದರೆ ಜಠರದಲ್ಲಿ ಹುಣ್ಣಾಗುವ ಅಪಾಯ ಬಹಳ ಹೆಚ್ಚುತ್ತದೆ. ಹಾಗಾಗಿ ಒಂದು ಔಷಧದಿಂದ ಇನ್ನೊಂದಕ್ಕೆ ಬದಲಾಗುವಾಗ ನಡುವೆ ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.